ಸೋರಿಕೆಯ ಫೋಟೋ

ಗಾಣದಹಟ್ಟಿಯ ಲೈಬ್ರರಿ ಸೋರುತ್ತದೆ ಎಂಬುದು ಉಜ್ಜಿನಿ ಸುತ್ತಮುತ್ತಲ ಹತ್ತೂರಿಗೂ ಗೊತ್ತಿದ್ದ ಸಂಗತಿ. ಗೊತ್ತಿಲ್ಲದೆ ಇದ್ದದ್ದು ಸರ್ಕಾರಕ್ಕೆ ಮಾತ್ರ. ಅದಕ್ಕೆ ಗೊತ್ತಾಗಬೇಕಾದರೆ ಒಂದು ಫೋಟೋ ಬೇಕಂತೆ, ಅದೂ ಇವತ್ತೇ, ಸಂಜೆ ಐದರೊಳಗೆ.

ಈ ವಿಷಯ ತಿಳಿಸಿದವನು ತಾಲ್ಲೂಕು ಕಚೇರಿಯ ಗುಮಾಸ್ತ ಶ್ರೀನಾಥ. ಬೆಳಿಗ್ಗೆ ಒಂಬತ್ತಕ್ಕೆ ಲೈಬ್ರರಿಯ ಮೇಲ್ವಿಚಾರಕ ಕನಕರಾಜ ಇನ್ನೂ ಬೀಗ ತೆಗೆಯುತ್ತಿರುವಾಗಲೇ ಫೋನು ಬಂತು.

"ಕನಕರಾಜಣ್ಣ, ಹೊಸ ಲೈಬ್ರರಿ ಕಟ್ಟಾಕ ಅನುದಾನ ಬಂದೈತ್ರಿ. ಪಟ್ಟಿಯೊಳಗ ಎರಡು ಊರು ಅದಾವು, ನಿಮ್ದು ಒಂದು, ಪಕ್ಕದ ಕೆಂಚನಹಳ್ಳಿ ಒಂದು. ಕೊಡೋದು ಒಂದಕ್ಕ. ಕೆಂಚನಹಳ್ಳಿಯವರು ಸೋರೋ ಫೋಟೋ ಹಚ್ಚ್ಯಾರ. ನಿಮ್ಮ ಅರ್ಜಿಯೊಳಗ ಅದೊಂದು ಇಲ್ಲ."

"ಸೋರತೈತಿ ಅಂತ ಮೂರು ಪುಟ ಬರದೀನಲ್ರಿ."

"ಬರದಿದ್ದನ್ನ ಯಾರು ಓದ್ತಾರ್ರೀ? ಫೋಟೋದಾಗ ನೀರು ಬೀಳೋದು ಕಾಣಬೇಕು. ಐದು ಗಂಟಿಗೆ ಪಟ್ಟಿ ಮುಚ್ಚತೈತಿ."

ಲೈಬ್ರರಿ ನೋಡಿಕೊಳ್ಳುವವನಿಗೇ ಇಂಥ ಮಾತು ಹೇಳಿ ಶ್ರೀನಾಥ ಫೋನ್ ಇಟ್ಟ.

ಕನಕರಾಜ ಈ ಕಟ್ಟಡದಲ್ಲಿ ಹನ್ನೊಂದು ಮಳೆಗಾಲ ಕಂಡಿದ್ದ. ಒಂದು ಫೋಟೋವನ್ನೂ ತೆಗೆದಿರಲಿಲ್ಲ. ಮಳೆ ಬಂತೆಂದರೆ ಅವನ ಒಂದು ಕೈಯಲ್ಲಿ ಬಕೆಟ್ಟು, ಇನ್ನೊಂದು ಕೈಯಲ್ಲಿ ಪುಸ್ತಕ. ಫೋಟೋ ತೆಗೆಯಲು ಮೂರನೇ ಕೈಯನ್ನು ದೇವರು ಕೊಟ್ಟಿರಲಿಲ್ಲ. ಕಟ್ಟಡವೆಂದರೆ ಊರ ಹಳೇ ಚಾವಡಿ. ಕಲ್ಲಿನ ಗೋಡೆ, ಮರದ ತೊಲೆ, ಮೇಲೆ ಮಣ್ಣಿನ ಮಾಳಿಗೆ. ಅದು ಏಳು ಕಡೆ ಸೋರುತ್ತಿತ್ತು. ಏಳಕ್ಕೂ ಕನಕರಾಜ ಹೆಸರಿಟ್ಟಿದ್ದ. ಕಾದಂಬರಿ ಕಪಾಟಿನ ಮೇಲೆ ಬೀಳುವುದು ಕಾದಂಬರಿ ಸೋರಿಕೆ, ಮಕ್ಕಳ ಪುಸ್ತಕದ ಮೇಲೆ ಬೀಳುವುದು ಮಕ್ಕಳ ಸೋರಿಕೆ, ಅವನ ಕುರ್ಚಿಯ ಮೇಲೆ ಬೀಳುವುದು ಕಚೇರಿ ಸೋರಿಕೆ.

ಒಳಗೆ ಆರು ಜನ ಕೂರಬಹುದು. ಏಳನೆಯವರು ಬಂದರೆ ಆರರಲ್ಲೊಬ್ಬರು ಏಳಬೇಕು. ಪರೀಕ್ಷೆಗೆ ಓದುವ ಹುಡುಗಿಯರೆಲ್ಲ ಹೊರಗಿನ ಕಟ್ಟೆಯ ಮೇಲೆ ನೆರಳು ಸರಿದ ಹಾಗೆ ತಾವೂ ಸರಿಯುತ್ತ ಓದುತ್ತಿದ್ದರು. ಹೋದ ವಾರ ಅವರಲ್ಲೊಬ್ಬಳಾದ ಭೂಮಿಕಾ, "ಸಾರ್, ಹೊಸ ಕಟ್ಟಡದಾಗ ಫ್ಯಾನ್ ಇರತೈತೇನ್ರಿ?" ಎಂದು ಕೇಳಿದ್ದಳು. "ಎರಡು ಇರತಾವು. ನಿಮಗ ಬ್ಯಾರೆ ರೂಮು" ಎಂದು ಕನಕರಾಜ ಎದೆಯುಬ್ಬಿಸಿ ಹೇಳಿಬಿಟ್ಟಿದ್ದ. ಹೇಳಿದ ಆ ಮಾತು ಅಂದಿನಿಂದ ಅವನಿಗೆ ನಿದ್ದೆ ಕೊಟ್ಟಿರಲಿಲ್ಲ. ಅವನಿಗೆ ಹೊಸ ಕಟ್ಟಡ ಬೇಕೇ ಬೇಕಿತ್ತು.

ಈಗ ಬೇಕಾದದ್ದು ಒಂದು ಮಳೆ. ರೋಹಿಣಿ ಮಳೆ ಮುಗಿಯಲು ನಾಲ್ಕೇ ದಿನ ಉಳಿದಿತ್ತು. ಮೋಡಗಳು ದಿನವೂ ಬರುತ್ತಿದ್ದವು, ಊರನ್ನೊಮ್ಮೆ ನೋಡಿ ಹರಪನಹಳ್ಳಿ ಕಡೆ ನಡೆದುಬಿಡುತ್ತಿದ್ದವು.

ಕನಕರಾಜ ಯೋಚಿಸಿದ. ಮಾಳಿಗೆ ಸೋರುವುದು ಖರೆ. ಸೋರುವ ಮಾಳಿಗೆಗೆ ನೀರು ಹಾಕಿ ಸೋರಿಸಿದರೆ ಅದರಲ್ಲಿ ಸುಳ್ಳೇನು ಬಂತು? ಮಳೆ ಮಾಡಬೇಕಾದ ಕೆಲಸವನ್ನು ತಾನು ಮಾಡಿದಂತಾಯಿತು, ಅಷ್ಟೆ. ಹೀಗೆ ಮನಸ್ಸಿಗೆ ಸಮಾಧಾನ ಹೇಳಿ, ಪಂಚೆ ಎತ್ತಿಕಟ್ಟಿ, ಏಣಿ ಹಚ್ಚಿ, ಒಂದು ಕೊಡ ನೀರು ಹೊತ್ತು ಮೇಲೆ ಹತ್ತಿದ.

ಮಾಳಿಗೆಯ ಮಣ್ಣು ಬಿಸಿಲಿಗೆ ಬೆರಳಗಲ ಬಿರುಕು ಬಿಟ್ಟಿತ್ತು. ಕಾದಂಬರಿ ಸೋರಿಕೆಯ ನೇರಕ್ಕೆ ಕೊಡ ಬಗ್ಗಿಸಿದ. ನೀರು ಬುಳುಬುಳು ಎಂದು ಒಳಗಿಳಿಯಿತು. ದಡದಡ ಏಣಿ ಇಳಿದು, ಫೋನ್ ಹಿಡಿದು ಒಳಗೆ ಓಡಿದ. ತೊಲೆ ಒಣಗಿಯೇ ಇತ್ತು. ಎರಡನೇ ಕೊಡ ಹಾಕಿದ, ಅದೂ ಅಷ್ಟೆ. ಮೂರನೇ ಕೊಡ ಸುರಿದು ಕೆಳಗೆ ಬರುವಷ್ಟರಲ್ಲಿ ಕಪಾಟಿನ ತುದಿಯಲ್ಲಿ ರೂಪಾಯಿ ಅಗಲದ ಒದ್ದೆ ಕಂಡಿತು. ಹನಿ ಬಿದ್ದಿದೆ! ಆದರೆ ಅವನು ಏಣಿಯ ನಡುವೆ ಇದ್ದಾಗ ಬಿದ್ದು ಮುಗಿದಿದೆ. ಸುರಿಯುವವನೂ ತಾನೇ, ಫೋಟೋ ತೆಗೆಯುವವನೂ ತಾನೇ ಆದರೆ ಕೆಲಸ ಆಗುವುದಿಲ್ಲ ಎಂಬುದು ಕನಕರಾಜನಿಗೆ ಹೊಳೆಯಿತು. ಯಾರನ್ನಾದರೂ ಕರೆಯೋಣವೆಂದರೆ ಗುಟ್ಟು ಬಯಲಾಗುತ್ತದೆ. ನಾಲ್ಕನೇ ಕೊಡ ಹೊತ್ತು ಮತ್ತೆ ಹತ್ತಿದ.

"ಏನೋ ಕನಕರಾಜ!"

ಎದುರು ಮನೆಯ ಹಂಪಕ್ಕ. ಬಾಗಿಲಲ್ಲಿ ನಿಂತು ಸೊಂಟದ ಮೇಲೆ ಕೈ ಇಟ್ಟಿದ್ದಳು.

"ನಳಕ್ಕ ಎಂಟು ದಿನಕ್ಕೊಮ್ಮಿ ನೀರು ಬಿಡತಾರ. ನಾವು ಕುಡಿಯಾಕ ಎಣಿಸಿ ಇಟಗೊಂಡೀವಿ. ನೀನು ಮಾಳಿಗಿಗೆ ಮೈ ತೊಳಸಾಕತ್ತೀಯಲ್ಲೋ!"

ಇದ್ದದ್ದು ಇದ್ದ ಹಾಗೆ ಹೇಳಿದರೆ ಮಧ್ಯಾಹ್ನದೊಳಗೆ ಆ ಮಾತು ತಾಲ್ಲೂಕು ಮುಟ್ಟುತ್ತದೆ. ಹಂಪಕ್ಕನಿಗೆ ಹೇಳಿದ್ದು ಎಂದಾದರೂ ಹಂಪಕ್ಕನಲ್ಲೇ ಉಳಿದದ್ದುಂಟೆ?

"ಮಳಿ ಸಲುವಾಗಿ ಅಕ್ಕಾ" ಎಂದ. ಒಂದು ಲೆಕ್ಕದಲ್ಲಿ ನಿಜವೇ.

ಹಂಪಕ್ಕನ ಕೈ ಸೊಂಟದಿಂದ ಜಾರಿತು. ದನಿ ತಗ್ಗಿತು. "ಕನಸು ಬಿತ್ತೇನಪಾ?"

"ಹಂಗ ಅಂದ್ಕೋ" ಎಂದ ಕನಕರಾಜ. ಮುಗಿಯಿತಲ್ಲ ಎಂದುಕೊಂಡು ಕೊಡ ಬಗ್ಗಿಸಿದ.

ಮುಗಿದಿರಲಿಲ್ಲ. ಅರ್ಧ ಗಂಟೆಯಲ್ಲಿ ಲೈಬ್ರರಿಯ ಮುಂದೆ ಮೂವತ್ತು ಜನ ಸೇರಿದರು. ಕನಕರಾಜನಿಗೆ ದೇವರು ಕನಸಿನಲ್ಲಿ ಬಂದು ಚಾವಡಿ ಮಾಳಿಗೆಗೆ ನೀರು ಹಾಕು, ಮಳೆ ಕೊಡುತ್ತೇನೆ ಅಂದನಂತೆ. ಈ ಮಾತು ಹಂಪಕ್ಕನ ಮನೆಯಿಂದ ಹೊರಟು ಓಣಿಯ ತುದಿ ಮುಟ್ಟುವಾಗ ದೇವರು ಕುದುರೆ ಮೇಲೆ ಬಂದಿದ್ದ. ಹೆಂಗಸರು ಎಣಿಸಿಟ್ಟ ಕೊಡಗಳನ್ನೇ ಹೊತ್ತು ಬಂದರು. ಪಂಚಾಯ್ತಿ ಮೆಂಬರ್ ಚೌಡಣ್ಣ ಹಲಗೆ ಬಡಿಯುವವರನ್ನು ಕರೆತಂದ. ಎಲ್ಲರಿಗಿಂತ ಮುಂದೆ, ಎಂಬತ್ತರ ಭರಮಮ್ಮಜ್ಜಿ ಕೋಲೂರುತ್ತ ಬಂದು ಏಣಿಯ ಬುಡದಲ್ಲಿ ನಿಂತು, "ಬರೇ ನೀರು ಹಾಕಿದ್ರ ಆತೇನು? ಗುರ್ಜಿ ಹೊರಬೇಕು" ಎಂದಳು.

"ಯಾರು ಹೊರಬೇಕು?" ಎಂದು ಚೌಡಣ್ಣ ಕೇಳಿದ.

"ಕನಸು ಬಿದ್ದಾವ."

ಎಲ್ಲರೂ ಮೇಲೆ ನೋಡಿದರು. ಕನಕರಾಜನೂ ಮೇಲೆ ನೋಡಿದ. ಅಲ್ಲಿ ಯಾರೂ ಇರಲಿಲ್ಲ.

ಐದು ನಿಮಿಷದಲ್ಲಿ ರೊಟ್ಟಿ ಹಂಚಿನ ಮೇಲೆ ಸಗಣಿಯಲ್ಲಿ ಮಾಡಿದ ಮಳೆದೇವರ ಗೊಂಬೆ, ಗುರ್ಜಿ, ಕೂತಿತು, ಅದರ ನೆತ್ತಿಗೆ ಗರಿಕೆ ಏರಿತು, ಹಂಚು ಕನಕರಾಜನ ತಲೆಗೆ ಬಂತು. ಗುರ್ಜಿ ಹೊತ್ತವನು ಗಿರಗಿರ ತಿರುಗಬೇಕು, ಹೆಂಗಸರು ಅವನ ಮೇಲೆ ನೀರು ಸುರಿಯಬೇಕು. ಊರು ಊರೇ ಮಾಳಿಗೆ ಹತ್ತಿ ಅವನ ಸುತ್ತ ಕುಣಿಯತೊಡಗಿತು.

ಮೊದಲು ಕನಕರಾಜನಿಗೆ ಸಂತೋಷವೇ ಆಯಿತು. ತಾನೊಬ್ಬನೇ ನಾಲ್ಕು ಕೊಡಕ್ಕೆ ಏದುಸಿರು ಬಿಟ್ಟಿದ್ದ. ಈಗ ಬಿಟ್ಟಿ ಕೈಗಳು, ಬಿಟ್ಟಿ ಕೊಡಗಳು! ಇಷ್ಟು ನೀರಿಗೆ ಏಳು ಸೋರಿಕೆಯೂ ಒಟ್ಟಿಗೆ ಬಾಯಿಬಿಡುತ್ತವೆ. ಅಷ್ಟರಲ್ಲಿ ಕೆಳಗಿನಿಂದ ಕಟ್ಟೆಯ ಹುಡುಗಿಯೊಬ್ಬಳು, "ಸಾರ್, ಒಳಗ ಹನಿ ಬೀಳಾಕತ್ತೈತ್ರಿ!" ಎಂದು ಕೂಗಿದಳು.

"ಒಂದ ನಿಮಿಷ, ಕೆಳಗ ಹೋಗಿ ಬಂದಬಿಡ್ತೀನಿ" ಎಂದು ಕನಕರಾಜ ಏಣಿಯತ್ತ ತಿರುಗಿದ.

"ಗುರ್ಜಿ ಹೊತ್ತಾವ ನಡುವ ಇಳೀಬಾರದು!" ಎಂದು ಭರಮಮ್ಮಜ್ಜಿ ಗುಡುಗಿದಳು. ಅವಳನ್ನೂ ಯಾರೋ ಮೇಲೆ ಹತ್ತಿಸಿದ್ದರು.

"ಅಜ್ಜೀ, ಒಂದ ಫೋಟೋ..."

"ಫೋಟೋ ನಾ ತಗೀತೀನಿ, ನೀ ತಿರುಗಲೇ" ಎಂದು ಚೌಡಣ್ಣ ತನ್ನ ಫೋನಿನಲ್ಲಿ ಕನಕರಾಜನ ಫೋಟೋವನ್ನೇ ಹದಿನೈದು ಸಲ ತೆಗೆದ. ಹಂಪಕ್ಕ ಭಕ್ತಿಯಿಂದ ಒಂದು ಇಡೀ ಕೊಡವನ್ನು ಅವನ ಎದೆಯ ಮೇಲೆ ಸುರಿದಳು. ಎದೆಯ ಜೇಬಿನಲ್ಲಿ ಕನಕರಾಜನ ಫೋನಿತ್ತು. ಅದು ಒಂದು ಸಲ ನಡುಗಿ ಸುಮ್ಮನಾಯಿತು.

ಆಮೇಲೆ ನಡೆದದ್ದು ಅವನಿಗೆ ಸರಿಯಾಗಿ ಕಾಣಲಿಲ್ಲ. ಕಣ್ಣ ತುಂಬ ನೀರು, ಸಗಣಿ, ಗರಿಕೆ. ಹಲಗೆ ಬಡಿಯುತ್ತಿತ್ತು. ಯಾರೋ ಪುಟ್ಟಿಯಲ್ಲಿ ಏನೇನೋ ತಂದು ಕಾಲ ಬುಡಕ್ಕೆ ಸುರಿದಂತಾಯಿತು. ಭರಮಮ್ಮಜ್ಜಿ, "ತುಳೀರೇ, ಒತ್ತಿ ತುಳೀರೇ, ಈ ಕಡಿ ಬಿಟ್ಟೀರಿ ನೋಡು" ಎಂದು ಕೋಲು ತೋರಿಸುತ್ತಿದ್ದಳು. ನಾಲ್ಕು ತಾಸು ಕುಣಿದು ಕುಣಿದು ಜನ ಸುಸ್ತಾಗಿ ಕುಳಿತ ಮೇಲೇ ಹಂಚು ಅವನ ತಲೆಯಿಂದ ಇಳಿಯಿತು. ಕೆಳಗೆ ಓಡಿ ನೋಡಿದರೆ ಹನಿ ನಿಂತಿತ್ತು. ಫೋನನ್ನು ಒತ್ತಿದ, ಒರೆಸಿದ, ಊದಿದ, ಬಿಸಿಲಿಗೆ ಹಿಡಿಯೋಣವೆಂದು ಹೊರಗೆ ಬಂದ. ಬಿಸಿಲಿರಲಿಲ್ಲ.

ಉಜ್ಜಿನಿ ಕಡೆಯಿಂದ ಕರ್‍ರಗೆ ಮೋಡ ಎದ್ದಿತ್ತು. ಅದೇ ದಾರಿಯಲ್ಲಿ ಒಂದು ಜೀಪೂ ಬಂತು. ಇಳಿದವನು ಕಟ್ಟಡಗಳನ್ನು ಪರಿಶೀಲಿಸುವ ಇಂಜಿನಿಯರ್ ಭೀಮರಾಜ.

"ಕನಕರಾಜ ಅಂದ್ರ ನೀವೇನ್ರಿ? ಶ್ರೀನಾಥ ಹತ್ತು ಸಲ ಫೋನ್ ಮಾಡ್ಯಾನ, ಹತ್ತತಿಲ್ಲ. ಈ ಕಡೆನ ಹೊಂಟಿದ್ದೆ. ಫೋಟೋ ಇಲ್ಲದಿದ್ರ ಇಲ್ಲ, ನನ್ನ ಕಣ್ಣಾರೆ ನೋಡಿ ಬರೆದ್ರ ಅದ ನಡಿತೈತಿ."

ಅವನ ಮಾತು ಮುಗಿಯುವ ಮೊದಲೇ ಮೊದಲ ಹನಿ ಬಿತ್ತು. ಹಿಂದೆಯೇ ಸಾವಿರ ಹನಿ. ಊರಿಗೆ ಊರೇ ಬೀದಿಯಲ್ಲಿ ಕೇಕೆ ಹಾಕಿತು. ಹಂಪಕ್ಕ ಕನಕರಾಜನ ಕಾಲಿಗೆ ಬೀಳಲು ಬಂದಳು. ಅವಳನ್ನು ದಾಟಿ ಕನಕರಾಜ ಇಂಜಿನಿಯರನ ಕೈ ಹಿಡಿದು ಒಳಗೆ ಎಳೆದೊಯ್ದ. ದೇವರಿದ್ದಾನೆ! ಮಳೆಯೂ ಬಂತು, ಇಂಜಿನಿಯರನೂ ಬಂದ, ಇನ್ನೂ ನಾಲ್ಕೂಕಾಲು! ಕನಕರಾಜನಿಗೆ ಅಳುವಷ್ಟು ಸಂತೋಷವಾಯಿತು.

"ಸಾರ್, ನೀವು ಇಲ್ಲೇ ಕುಂಡ್ರಿ. ಇದು ಕಚೇರಿ ಸೋರಿಕಿ, ಎಲ್ಲಾದಕ್ಕಿಂತ ದೊಡ್ಡದು. ತಗೋರಿ, ಕೊಡಿ ಹಿಡಕೊಳ್ರಿ."

ಭೀಮರಾಜ ಕೊಡೆ ಬಿಚ್ಚಿ ಕುರ್ಚಿಯಲ್ಲಿ ಕುಳಿತ. ಕನಕರಾಜ ಏಳು ಕಡೆ ಏಳು ಬಕೆಟ್ಟಿಟ್ಟು, ಪುಸ್ತಕಗಳ ಮೇಲೆ ಪ್ಲಾಸ್ಟಿಕ್ ಹೊದಿಸಿ, ಕೈಕಟ್ಟಿ ನಿಂತ. ಹೊರಗೆ ಮಳೆ ಬಡಿಯುತ್ತಿತ್ತು. ಚರಂಡಿ ತುಂಬಿ ರಸ್ತೆಗೆ ಬಂತು. ಹತ್ತು ನಿಮಿಷವಾಯಿತು.

"ಈಗ ಬೀಳತೈತ್ರಿ. ಮಣ್ಣಿನ ಮಾಳಿಗಿ ಅಲ್ರಿ, ಸ್ವಲ್ಪ ತಡ."

ಇಪ್ಪತ್ತು ನಿಮಿಷವಾಯಿತು. ಕನಕರಾಜ ಬಕೆಟ್ಟುಗಳನ್ನು ಒಂದೊಂದಾಗಿ ಇಣುಕಿ ನೋಡಿದ. ಅರ್ಧ ಗಂಟೆಗೆ ಭೀಮರಾಜ ಕೊಡೆ ಮಡಚಿದ.

"ಒಂದ ಹನಿ ಬಿದ್ದಿಲ್ರಿ."

"ಸಾರ್, ಹನ್ನೊಂದು ವರ್ಷದಿಂದ ಸೋರಾಕತ್ತೈತ್ರಿ! ನಮ್ಮವ್ವನ ಆಣಿ!"

ಆಗ ಭರಮಮ್ಮಜ್ಜಿ ಸೆರಗು ಹಿಂಡುತ್ತ ಒಳಗೆ ಬಂದು, ತಲೆಯೆತ್ತಿ ಮಾಳಿಗೆ ನೋಡಿ, ಮೊಮ್ಮಗನ ಬೆನ್ನು ತಟ್ಟುವಂತೆ ಗೋಡೆ ತಟ್ಟಿದಳು.

"ಹೆಂಗ ಕೂಡಿಕೊಂತು ನೋಡು! ಮಾಳಿಗಿ ಅಂದ್ರ ವರ್ಷಾ ರೋಣಿ ಮಳಿಗಿಂತ ಮೊದಲ ನೀರು ಹೊಡದು, ಕರಲು ಮಣ್ಣು ಹಾಕಿ, ಮಂದಿ ಕೂಡಿ ತುಳೀಬೇಕಪಾ. ನೀವು ಹನ್ನೊಂದು ವರ್ಷ ತುಳದಿರಲಿಲ್ಲ, ಅದಕ್ಕ ಸೋರತಿತ್ತು. ಇವತ್ತು ಹೆಂಗೂ ಇಷ್ಟು ಕಾಲು ಕುಣಿಯಾಕತ್ತಾವು, ಸುಮ್ನ ಯಾಕ ಬಿಡಬೇಕು ಅಂತ ನಾನ ಹತ್ತು ಪುಟ್ಟಿ ಕರಲು ಹಾಕಿಸಿದೆ. ಇನ್ನ ಹನಿ ಬೀಳಂಗಿಲ್ಲ, ಚಿಂತಿ ಬಿಡು."

ಕನಕರಾಜನಿಗೆ ಚಿಂತೆ ಬಿಡಲಾಗಲಿಲ್ಲ. ಭೀಮರಾಜ ಆಗಲೇ ಪೆನ್ನು ತೆಗೆದಿದ್ದ. 'ಕಟ್ಟಡ ಸುಸ್ಥಿತಿಯಲ್ಲಿದೆ. ಭಾರೀ ಮಳೆಯಲ್ಲಿ ಖುದ್ದು ಕುಳಿತು ಪರೀಕ್ಷಿಸಿದ್ದೇನೆ. ಒಂದು ಹನಿಯೂ ಸೋರುವುದಿಲ್ಲ' ಎಂದು ಬರೆದು ಸಹಿ ಹಾಕಿದ. ಗಡಿಯಾರ ಐದಕ್ಕೆ ಎರಡು ನಿಮಿಷ ತೋರಿಸುತ್ತಿತ್ತು.

"ಬ್ಯಾಸರ ಮಾಡ್ಕೋಬ್ಯಾಡ್ರಿ. ಅನುದಾನ ಕೆಂಚನಹಳ್ಳಿಗೆ ಹೋಗತೈತಿ. ಅವರ ಕಟ್ಟಡ ಸೋಮವಾರ ಕೆಡವತಾರ. ಹೊಸದು ಏಳೋಮಟ ಅವರ ಪುಸ್ತಕ ಎಲ್ಲಿಡೋದು ಅಂತ ನಾವೂ ತಲಿ ಕೆಡಿಸಿಕೊಂಡಿದ್ವಿ."

"ಎಲ್ಲಿಡ್ತೀರಿ ಸಾರ್?"

"ಇಡೀ ತಾಲ್ಲೂಕಿನಾಗ ಇಷ್ಟು ಗಟ್ಟಿ ಮಾಳಿಗಿ ಬ್ಯಾರೆ ಎಲ್ಲೈತ್ರಿ? ಮೂರು ಸಾವಿರ ಪುಸ್ತಕ, ಒಂಬತ್ತು ಕಪಾಟು. ಹೆಂಗರೆ ಹೊಂದಿಸ್ರಿ."

ಕನಕರಾಜ ಕೋಣೆಯನ್ನು ನೋಡಿದ. ಒಂಬತ್ತು ಕಪಾಟು ಬಂದರೆ ಆರು ಜನ ಕೂರುವಲ್ಲಿ ಅವನೂ ಕೂರುವಂತಿರಲಿಲ್ಲ. ಕಟ್ಟೆಯ ಹುಡುಗಿಯರ ಪಕ್ಕದಲ್ಲೇ ತಾನೂ ಕುರ್ಚಿ ಹಾಕಿಕೊಂಡು ನೆರಳಿನ ಜೊತೆ ಸರಿಯಬೇಕು. ಭೂಮಿಕಾಳಿಗೆ ಏನು ಹೇಳುವುದು? ಇರಲಿ, ಮುಂದಿನ ವರ್ಷ ಮತ್ತೆ ಅರ್ಜಿ ಹಾಕಬಹುದು. ಬೇಸಿಗೆಗೆ ಮಾಳಿಗೆ ಮತ್ತೆ ಬಿರುಕು ಬಿಟ್ಟೇ ಬಿಡುತ್ತದೆ. ಆಗ ಫೋಟೋ ತೆಗೆಯುವುದನ್ನು ಮರೆಯಬಾರದು.

ಅಷ್ಟರಲ್ಲಿ ಚೌಡಣ್ಣ ಹಲಗೆಯವರ ಸಮೇತ ಒಳಗೆ ನುಗ್ಗಿ ಕನಕರಾಜನ ಕೊರಳಿಗೆ ಹೂವಿನ ಹಾರ ಹಾಕಿದ.

"ಕನಕಾ, ದೈವದವರು, ಊರ ಹಿರೇರೆಲ್ಲ ಕೂಡಿ ಈಗ ತೀರ್ಮಾನ ಮಾಡೀವಿ ನೋಡು. ಇನ್ನ ಮ್ಯಾಲೆ ವರ್ಷಾ ವರ್ಷಾ, ರೋಣಿ ಮಳಿ ಮುಗಿಯೋದರಾಗ, ಇದ ಮಾಳಿಗಿ ಮ್ಯಾಲೆ, ನಿನ್ನ ತಲಿ ಮ್ಯಾಲೇ ಗುರ್ಜಿ!"