ಅಳತೆ ಟೇಪು ಹಿಡಿದು ವೆಬ್‌ಸೈಟ್ ಮಾಡಿಸಿದ್ದು

ಅರ್ಥವಾಗದ ಮಾತಿಗೂ ಅರ್ಥವಾದವರ ಹಾಗೆ ತಲೆಯಾಡಿಸಿದರೆ ಮನುಷ್ಯರಿಗೆ ಏನೇನು ಆಗಬಹುದೋ ಅದೆಲ್ಲ ನಮ್ಮ ಮನೆಯಲ್ಲಿ ಆಗಿದೆ, ಈಗಲೂ ವಾರಕ್ಕೊಂದು ಆಗುತ್ತಲೇ ಇದೆ.

ಆರ್.ಟಿ. ನಗರದಲ್ಲಿ ನಾನು ಇಪ್ಪತ್ತಾರು ವರ್ಷದಿಂದ ಬ್ಲೌಸ್ ಹೊಲಿಯುತ್ತಿದ್ದೇನೆ. ರಸ್ತೆಗೇ ಇದ್ದ ಅಂಗಡಿ ಹೋದ ವರ್ಷ ಎರಡನೇ ಮಹಡಿಗೆ ಹತ್ತಿತು, ಕೆಳಗೆ ಮೊಬೈಲ್ ಅಂಗಡಿ ಬಂತು. ಮಂಡಿನೋವಿನವರು ಮೆಟ್ಟಿಲು ನೋಡಿಯೇ ವಾಪಸ್ ಹೋದರು. ಹೊಸಬರಿಗೆ ಮೇಲೊಂದು ಅಂಗಡಿ ಇದೆ ಅಂತಲೇ ತಿಳಿಯಲಿಲ್ಲ.

"ಸಾಕು ಬಿಡೇ, ಮುಚ್ಚಿಬಿಡು" ಅಂದರು ನಮ್ಮ ಯಜಮಾನರು.

ನನಗೆ ರೋಷ ಬಂತು. ವೆಬ್‌ಸೈಟ್ ಮಾಡಿಸೇ ತೀರುತ್ತೇನೆ ಅಂದೆ. ಇಲ್ಲೇ ನಮ್ಮೂರಿನದೇ ಸಿಂಗಾಪುರ ಬಡಾವಣೆಯಲ್ಲಿರುವ ನನ್ನ ಹಳೇ ಗಿರಾಕಿಯೊಬ್ಬರ ಮಗಳು ಮನೆಯಲ್ಲೇ ಕೂತು ಆ ಕೆಲಸ ಮಾಡುತ್ತಾಳೆ. ಅವಳು ಬಂದ ಮೊದಲ ದಿನವೇ ಎದುರಿಗೆ ಇನ್ನೂರು ಪುಟದ ನೋಟ್‌ಬುಕ್ ಬಿಚ್ಚಿಟ್ಟೆ.

"ನೀನು ಹೇಳೋ ಒಂದೊಂದು ಪದಾನೂ ನನಗೆ ಅರ್ಥ ಆಗ್ಬೇಕು ಕಣಮ್ಮಾ. ಅರ್ಥ ಆಗ್ದೆ ನಾನು ಯಾವುದಕ್ಕೂ ಕತ್ತರಿ ಹಾಕಲ್ಲ."

"ಖಂಡಿತ ಆಂಟಿ" ಅಂದಳು. ಪಾಪ, ನನ್ನ ಹಟ ಅವಳಿಗೆ ಗೊತ್ತಿರಲಿಲ್ಲ.

೧. ಕಾರ್ನರ್ ಸೈಟು

"ಮೊದಲು ಡೊಮೈನ್ ತಗೊಳ್ಳೋಣ, ಅದು ನಿಮ್ಮ ಸೈಟಿನ ಅಡ್ರೆಸ್. ಆಮೇಲೆ ಹೋಸ್ಟಿಂಗ್, ಅದು ಸೈಟ್ ಇರೋಕೆ ಜಾಗ" ಅಂದಳು ಹುಡುಗಿ. ನಾನು ಬರೆದುಕೊಂಡೆ. ಪಕ್ಕದಲ್ಲಿ ಕೂತು ಕೇಳಿಸಿಕೊಂಡ ಯಜಮಾನರು ಸಂಜೆ ಅಣ್ಣನಿಗೆ ಫೋನ್ ಮಾಡಿ, "ಇವಳು ಸೈಟ್ ತಗೊಂಡ್ಳು. ಅಡ್ರೆಸ್ಸೂ ಆಯ್ತು, ಜಾಗಾನೂ ಆಯ್ತು" ಅಂದರು.

ಭಾನುವಾರ ಚಿಕ್ಕಬಾಣಾವರದಿಂದ ನನ್ನ ವಾರಗಿತ್ತಿ ಬಂದರು. ಕಾಫಿ ಲೋಟ ಮುಟ್ಟಲಿಲ್ಲ.

"ಎಷ್ಟು ದೊಡ್ಡದು?" ಅಂದರು.

"ಮೊಬೈಲಲ್ಲಿ ನೋಡಿದ್ರೆ ಚಿಕ್ಕದು ಅಕ್ಕ, ಕಂಪ್ಯೂಟರಲ್ಲಿ ದೊಡ್ಡದಾಗಿ ಕಾಣುತ್ತೆ."

"ಯಾವ ಕಡೆಯಿಂದ ಕಾಣುತ್ತೆ?"

"ಎಲ್ಲಾ ಕಡೆಯಿಂದಾನೂ."

"ಅಂದ್ರೆ ಕಾರ್ನರ್ ಸೈಟಾ!"

ಆಗ ನನಗೆ ಅವರ ಮುನಿಸಿನ ಮೂಲ ಹೊಳೆಯಿತು. "ಭೂಮಿ ಅಲ್ಲ ಅಕ್ಕ, ಇಲ್ಲಿ ನೋಡಿ" ಅಂತ ಮೊಬೈಲ್ ತೆಗೆದು ತೋರಿಸಿದೆ. ಹುಡುಗಿ ಇನ್ನೂ ಕೆಲಸ ಮುಗಿಸಿರಲಿಲ್ಲ. ಪರದೆ ಮೇಲೆ ಹಳದಿ ಬೋರ್ಡು, ಅದರಲ್ಲಿ ದಪ್ಪ ಅಕ್ಷರ: 'ಕಾಮಗಾರಿ ನಡೆಯುತ್ತಿದೆ.'

ವಾರಗಿತ್ತಿ ಎದ್ದು ನಿಂತರು. "ಆಗ್ಲೇ ಕಟ್ಟೋಕೂ ಶುರು ಮಾಡಿದೀರಾ? ಒಂದು ಗುದ್ದಲಿ ಪೂಜೆಗೂ ಕರೀಲಿಲ್ವಲ್ಲೇ!"

೨. ಯಾರ ಭಾಷೆ?

ಎರಡು ವಾರದ ಮೇಲೆ ಹುಡುಗಿ ಮೊದಲ ನಮೂನೆ ಕಳಿಸಿದಳು. ಬ್ಲೌಸಿನ ಚಿತ್ರಗಳ ಕೆಳಗೆಲ್ಲ 'ಲೋರೆಮ್ ಇಪ್ಸಮ್' ಅಂತ ಶುರುವಾಗಿ ಉದ್ದಕ್ಕೆ ಏನೋ ಬರೆದಿತ್ತು. ಅಕ್ಷರ ಇಂಗ್ಲಿಷು, ಮಾತು ಇಂಗ್ಲಿಷಲ್ಲ.

ಬೀದಿ ಕೊನೆಯ ಟೀ ಅಂಗಡಿಯವರು ಕೇರಳದವರು. ಅವರಿಗೆ ತೋರಿಸಿದೆ. ಎರಡು ಸಲ ಓದಿ, "ನಮ್ದಲ್ಲ ಚೇಚಿ, ತುಳು ಇರ್ಬೇಕು" ಅಂದರು. ಮಂಗಳೂರು ಕಡೆಯ ಮೆಡಿಕಲ್ ಸ್ಟೋರಿನವರು, "ತುಳು ನನಗೆ ಗೊತ್ತಿಲ್ವಾ ಮಾರಾಯ್ರೆ? ಇದು ಕೊಂಕಣಿ" ಅಂದರು. ಮನೆಗೆ ಬಂದರೆ ಯಜಮಾನರು ಕನ್ನಡಕ ಹಾಕಿಕೊಂಡು ತಮ್ಮ ಮೊಬೈಲಿನಲ್ಲಿ ಪೂರ್ತಿ ಓದಿ ಮುಗಿಸಿದ್ದರು.

"ಭಾಷೆ ಯಾವುದೋ ಗೊತ್ತಾಗ್ಲಿಲ್ಲ. ಆದ್ರೆ ನಿನ್ನ ಬಗ್ಗೆ ತುಂಬಾ ಒಳ್ಳೇದು ಬರೆದಿದಾರೆ ಕಣೇ."

ಹುಡುಗಿಗೆ ಫೋನ್ ಮಾಡಿದೆ. "ಅದು ಡಮ್ಮಿ ಟೆಕ್ಸ್ಟ್ ಆಂಟಿ. ನೀವು ಬರೆದು ಕೊಡೋವರೆಗೂ ಜಾಗ ತುಂಬೋಕೆ. ಅದಕ್ಕೆ ಅರ್ಥಾನೇ ಇಲ್ಲ."

ಓಹೋ, ರೇಷ್ಮೆಗೆ ಕತ್ತರಿ ಹಾಕುವ ಮೊದಲು ಹಳೇ ಬಟ್ಟೆಯಲ್ಲಿ ಹೊಲಿದು ನೋಡುವ ಹಾಗೆ! ನೋಟ್‌ಬುಕ್ಕಿಗೆ ಇಳಿಸಿ, ಅದಕ್ಕೆ ಅರ್ಥವಿಲ್ಲವಂತೆ ಅಂತ ಯಜಮಾನರಿಗೆ ಹೇಳಿದೆ.

ಅವರು ಕನ್ನಡಕ ತೆಗೆದು ಮಡಿಸಿದರು. "ಹೊಗಳಿಕೆಗೆ ಅರ್ಥ ಯಾಕೆ? ಹಂಗೇ ಇರ್ಲಿ ಬಿಡು."

೩. ಉತ್ತರ ಕೊಡದ ಸೈಟು

"ನಿಮ್ಮ ಸೈಟ್ ರೆಸ್ಪಾನ್ಸಿವ್ ಆಂಟಿ" ಅಂತ ಒಂದು ದಿನ ಮೆಸೇಜ್ ಬಂತು.

ಯಜಮಾನರು ಯಶವಂತಪುರದ ಫ್ಯಾಕ್ಟರಿಯಲ್ಲಿ ಸೂಪರ್‌ವೈಸರ್ ಆಗಿ ರಿಟೈರ್ ಆದವರು. ಇಂಗ್ಲಿಷಿನ ಪದ ಬಂದರೆ ಮೊದಲ ಹಕ್ಕು ಅವರದು. "ರೆಸ್ಪಾನ್ಸ್ ಅಂದ್ರೆ ಉತ್ತರ. ಮಾತಾಡಿಸಿದ್ರೆ ಉತ್ತರ ಕೊಡುತ್ತೆ" ಅಂದವರೇ ಮೊಬೈಲನ್ನು ಬಾಯಿ ಹತ್ತಿರ ಹಿಡಿದರು. "ಹಲೋ! ಬ್ಲೌಸ್ ಯಾವತ್ತು ಕೊಡ್ತೀರಾ?" ಉತ್ತರವಿಲ್ಲ. ಗಟ್ಟಿಯಾಗಿ ಕೇಳಿದರು. ಎದುರು ಮನೆಯವರು ಕಿಟಕಿ ತೆಗೆದು ನೋಡಿದರು, ಸೈಟು ಮಾತ್ರ ತುಟಿಪಿಟಿಕ್ಕೆನ್ನಲಿಲ್ಲ.

ನಾನು ಬಿಡುವವಳಲ್ಲ. ಹುಡುಗಿಯನ್ನು ಕೇಳಿ ತಿಳಿದುಕೊಂಡೆ: ಚಿಕ್ಕ ಮೊಬೈಲಾಗಲಿ, ದೊಡ್ಡ ಕಂಪ್ಯೂಟರಾಗಲಿ, ಪರದೆಯ ಅಳತೆಗೆ ಸರಿಯಾಗಿ ಸೈಟೇ ಹೊಂದಿಕೊಳ್ಳುತ್ತದಂತೆ. ಒಳಗೆ ಎರಡಿಂಚು ಬಟ್ಟೆ ಬಿಟ್ಟು ಹೊಲಿದ ಬ್ಲೌಸಿನ ಹಾಗೆ, ದಪ್ಪಗಾದರೂ ಚಿಂತೆಯಿಲ್ಲ.

ಯಜಮಾನರು ಮೊಬೈಲ್ ಕೆಳಗಿಟ್ಟು ನಿಟ್ಟುಸಿರು ಬಿಟ್ಟರು. "ಹಬ್ಬದ ಹಿಂದಿನ ವಾರ ಗಿರಾಕಿ ಕೂಗಿದ್ರೂ ನೀನು ಬಾಯಿ ಬಿಡಲ್ಲ. ಇದು ನಿನ್ನ ಸೈಟೇ ಕಣೇ, ಅನುಮಾನ ಇಲ್ಲ."

೪. ಬ್ಯಾಕ್ ಎಂಡಿಗೆ ಬೀಗ

ಯಲಹಂಕದ ಹಳೇ ಮನೆತನದ ಒಬ್ಬ ಅಜ್ಜಿ ಮೊಮ್ಮಗಳನ್ನು ಕರೆದುಕೊಂಡು, ಎರಡು ಮಹಡಿ ಹತ್ತಿ ಬಂದರು. ಮೊಮ್ಮಗಳ ಮದುವೆಗೆ ಒಂಬತ್ತು ಬ್ಲೌಸ್. ಅಷ್ಟು ದೊಡ್ಡ ಕೆಲಸ ಬಂದು ಎಷ್ಟೋ ತಿಂಗಳಾಗಿತ್ತು. ಮೊಮ್ಮಗಳಿಗೆ ಬೆನ್ನು ಅಗಲವಾಗಿ ಕಾಣುವ ಡಿಸೈನ್ ಬೇಕು, ಅಜ್ಜಿಗೆ ಬೆರಳಗಲ ಬೆನ್ನೂ ಕಾಣಬಾರದು. ಇಬ್ಬರನ್ನೂ ಹೇಗೋ ಒಪ್ಪಿಸಿ ಅಳತೆ ತೆಗೆಯುತ್ತಿದ್ದೆ. ಫೋನ್ ಬಂತು. ಕೈಯಲ್ಲಿ ಟೇಪಿತ್ತು, ಸ್ಪೀಕರ್ ಒತ್ತಿದೆ. ವೆಬ್‌ಸೈಟ್ ಹುಡುಗಿಯ ದನಿ ಅಂಗಡಿಯೆಲ್ಲ ತುಂಬಿತು.

"ಆಂಟಿ, ಫ್ರಂಟ್ ಎಂಡ್ ಸೂಪರಾಗಿ ಬಂದಿದೆ! ಬ್ಯಾಕ್ ಎಂಡ್ ಮಾತ್ರ ಪೂರ್ತಿ ಓಪನ್ ಇದೆ."

ಅಜ್ಜಿ ತಲೆ ಎತ್ತಿದರು.

"ಯಾರು ಬೇಕಾದ್ರೂ ಹಿಂದಿನಿಂದ ನೋಡ್ಬಹುದು. ಇವತ್ತು ಸಂಜೆ ಮುಚ್ತೀನಿ. ಟೆಸ್ಟಿಂಗ್‌ಗೆ ಅಂತ ನನ್ನ ಫ್ರೆಂಡ್ಸ್ ನಾಲ್ಕು ಜನ ಹುಡುಗರಿಗೆ ತೋರಿಸ್ದೆ, ಎಲ್ಲರೂ ಚೆನ್ನಾಗಿದೆ ಅಂದ್ರು. ನಾಳೆ ಲೈವ್ ಮಾಡ್ಲಾ ಆಂಟಿ? ಇಡೀ ಪ್ರಪಂಚಕ್ಕೇ ಕಾಣುತ್ತೆ!"

ಫೋನ್ ಜಾರಿ ರೇಷ್ಮೆ ಬಟ್ಟೆಗಳ ಅಡಿ ಸೇರಿಕೊಂಡಿತ್ತು, ನನ್ನ ಕೈಗೆ ಸಿಗಲಿಲ್ಲ. ಅಜ್ಜಿ ಬಟ್ಟೆಯ ಚೀಲ ಬಗಲಿಗೆ ಹಾಕಿ ಮೊಮ್ಮಗಳ ಕೈ ಹಿಡಿದರು.

"ನಡಿಯೇ. ಮಾನಸ್ಥರು ಬರೋ ಅಂಗಡಿ ಅಲ್ಲ ಇದು."

ಒಂಬತ್ತು ಬ್ಲೌಸ್ ಮೆಟ್ಟಿಲಿಳಿದು ಹೋಗುತ್ತಿದ್ದವು. ಕೊರಳಲ್ಲಿ ಟೇಪು, ಕೈಯಲ್ಲಿ ಅರ್ಧ ಹೊಲಿದ ಒಂದು ಬ್ಲೌಸು, ಹಾಗೇ ಓಡಿಹೋಗಿ ಮೊದಲ ಮಹಡಿಯಲ್ಲಿ ಅಡ್ಡ ನಿಂತೆ.

"ಅಜ್ಜಿ, ಐದು ನಿಮಿಷ ನಿಂತ್ಕೊಳ್ಳಿ. ಆಮೇಲೂ ಸರಿ ಅನ್ನಿಸ್ದಿದ್ರೆ ಹೋಗಿ."

ಆ ಬ್ಲೌಸನ್ನೇ ತೋರಿಸಿದೆ. "ಅವಳು ಹೇಳಿದ್ದು ವೆಬ್‌ಸೈಟಿನ ಮಾತು. ಮೇಲಿನ ಕಸೂತಿ ನೋಡಿ, ಗಿರಾಕಿಗೆ ಕಾಣೋದು ಇದು. ಇದು ಫ್ರಂಟ್ ಎಂಡ್." ಒಳಮೈ ತಿರುಗಿಸಿದೆ. "ಈ ಹೊಲಿಗೆ ಕಾಣಲ್ಲ, ಆದ್ರೆ ಎಲ್ಲಾ ನಿಂತಿರೋದು ಇದರ ಮೇಲೆ. ಇದು ಬ್ಯಾಕ್ ಎಂಡ್. ಗಿರಾಕಿಗಳ ವಿಳಾಸ, ಅಳತೆ ಎಲ್ಲಾ ಅಲ್ಲಿರುತ್ತೆ. ಅದಕ್ಕಿನ್ನೂ ಬೀಗ ಹಾಕಿಲ್ಲ ಅಂತ ಅವಳು ಹೇಳಿದ್ದು."

ಅಜ್ಜಿ ಒಳಹೊಲಿಗೆಯ ಮೇಲೆ ಹೆಬ್ಬೆರಳು ಆಡಿಸಿದರು. "ನಮ್ ಉಡುಗಿ ಅಳತೇನೂ ಅಲ್ಲೇ ಇರ್ತದಾ?"

"ಇರುತ್ತೆ ಅಜ್ಜಿ."

"ಅಂಗಾದ್ರೆ ಮೊದ್ಲು ಬೀಗ ಆಕ್ಸು. ಆಮೇಲೆ ನೋಡಾನ." ಚೀಲದ ಸಮೇತ ಇಳಿದು ಹೋದರು.

ಅವತ್ತು ಯಜಮಾನರೂ ತಮಾಷೆ ಮಾಡಲಿಲ್ಲ. ನಾನು ಹುಡುಗಿಯನ್ನು ಎದುರಿಗೆ ಕೂರಿಸಿಕೊಂಡು, ಬೀಗ ಬಿದ್ದದ್ದು ಕಣ್ಣಾರೆ ನೋಡಿದ ಮೇಲೇ ಸೈಟನ್ನು ಲೈವ್ ಮಾಡಲು ಬಿಟ್ಟೆ. ಮೂರು ದಿನ ಏನೂ ಬರಲಿಲ್ಲ. ನಾಲ್ಕನೇ ದಿನ ಫೋನ್ ಟಿಣ್ ಅಂದಿತು. ವೆಬ್‌ಸೈಟಿನ ಮೊದಲ ಆರ್ಡರ್. ಊರು ಯಲಹಂಕ, ಬ್ಲೌಸ್ ಒಂಬತ್ತು. ಕಣ್ಣು ಮಂಜಾಯಿತು, ಸೆರಗಿನಿಂದ ಒರೆಸಿಕೊಂಡು ಕೆಳಗೆ ಓದಿದೆ. ವಿಶೇಷ ಸೂಚನೆ ಬರೆಯಲು ಕೊಟ್ಟಿದ್ದ ಜಾಗದಲ್ಲಿ ಮೊಮ್ಮಗಳು ಟೈಪ್ ಮಾಡಿದ್ದಳು:

"ಅಜ್ಜಿ ಹೇಳಿ ಬರೆಸ್ತಿದಾರೆ ಆಂಟಿ. ಫ್ರಂಟ್ ಎಂಡ್ ಎಂಗಾರ ಒಲಿ. ಬ್ಯಾಕ್ ಎಂಡ್‌ಗೆ ಮಾತ್ರ ಒಂಬತ್ತಕ್ಕೂ ಬೀಗ ಆಕು."