ಒಂದು ತಂಡಕ್ಕೆ ಮೂರು ಪ್ರಾಣ ಕೊಟ್ಟ ಮಹನೀಯರಿಗೆ

ನಮ್ಮ ತಂಡದ ಮಾಜಿ ವ್ಯವಸ್ಥಾಪಕರಾದ ಮಾನ್ಯರೇ,

ತಮ್ಮ ಕೃಪಾದೃಷ್ಟಿಯಿಂದಲೇ ಖ್ಯಾತಿಗೆ ಬಂದ ಮೂವರು ಗಾಯಕಿಯರಲ್ಲಿ ಹಿರಿಯಳಾದ ನಾನು, ಅಂದರೆ ತಗ್ಗಿನ ಸ್ವರದವಳು, ಊರೆಲ್ಲ ಓದಲೆಂದೇ ಈ ಪತ್ರ ಬರೆಯುತ್ತಿದ್ದೇನೆ. ತಾವು ಕ್ಷೇಮವೆಂದು ನಂಬಿದ್ದೇನೆ. ತಮ್ಮಂಥವರಿಗೆ ಕ್ಷೇಮ ತಪ್ಪುವುದಿಲ್ಲ.

ನಾನು, ನನ್ನ ತಂಗಿ, ನನ್ನ ನಾದಿನಿ ಆಸ್ಪತ್ರೆಯ ಲಾಂಡ್ರಿಯಲ್ಲಿ ಹಾಸಿಗೆ ಬಟ್ಟೆಗಳಿಗೆ ಇಸ್ತ್ರಿ ಹಾಕುತ್ತ, ಯಂತ್ರಗಳ ಗದ್ದಲಕ್ಕೆ ಸೆಡ್ಡು ಹೊಡೆದು ಹಾಡುತ್ತಿದ್ದಾಗ, ತಾಯಿಯನ್ನು ನೋಡಲು ಬಂದಿದ್ದ ತಾವು ದಾರಿ ತಪ್ಪಿ ಒಳಬಂದಿರಿ. ನೋಡನೋಡುತ್ತಲೇ ನಮ್ಮ ಮೋರೆಗಳು ಬಸ್ಸುಗಳ ಬೆನ್ನೇರಿದವು, ಸಭಾಂಗಣಗಳು ತುಂಬಿದವು, ನಮ್ಮ ಬಟ್ಟೆಗೆ ಬೇರೆಯವರು ಇಸ್ತ್ರಿ ಹಾಕುವಂತಾಯಿತು.

ಮೊದಲ ದೊಡ್ಡ ಕಾರ್ಯಕ್ರಮ ಮುಗಿದಾಗ ತಾವು ನನ್ನನ್ನು ಬದಿಗೆ ಕರೆದು, "ತಂಡದ ಪ್ರಾಣ ನೀನೇ ಕಣಮ್ಮ. ಅವರಿಬ್ರಿಗೂ ಹೇಳ್ಬೇಡ, ಪಾಪ, ನೊಂದ್ಕೋತಾರೆ" ಎಂದಿರಿ. ನಾನು ನಂಬಿದೆ. ಅಂದಿನಿಂದ ತಂಗಿ ತಾರಕಕ್ಕೇರಿದಾಗಲೆಲ್ಲ ಒಳಗೊಳಗೇ ಮರುಗಿದೆ. ಅವರಿಬ್ಬರೂ ನನ್ನತ್ತ ಅದೇ ಮರುಕದಿಂದ ನೋಡುತ್ತಿದ್ದುದು ಮಾತ್ರ ನನಗೆ ಸೊಕ್ಕಾಗಿ ಕಂಡಿತು. ಕ್ರಮೇಣ ವೇದಿಕೆಯ ಮೇಲೆ ಒಂದೇ ಉಸಿರಿನಲ್ಲಿ ಹಾಡಿ ಮೂರು ಕಾರುಗಳಲ್ಲಿ ಮನೆಗೆ ಹೋಗುವಷ್ಟು ದೊಡ್ಡವರಾದೆವು. ತಂಗಿ ನನ್ನ ಮನೆಯ ಹೊಸ್ತಿಲು ತುಳಿಯುವುದನ್ನೇ ಬಿಟ್ಟಳು. ನಾದಿನಿ ಮಾತು ಬಿಟ್ಟಳು. ಅವಳ ಅಣ್ಣ, ಅಂದರೆ ನನ್ನ ಗಂಡ, ನಮ್ಮಿಬ್ಬರ ನಡುವೆ ಅಡಕತ್ತರಿಗೆ ಸಿಕ್ಕ ಅಡಿಕೆಯಾದ.

ಕಳೆದ ತಿಂಗಳು ತಮ್ಮ ಕಚೇರಿಯ ಲಿಫ್ಟ್ ಎರಡು ಮಹಡಿಗಳ ನಡುವೆ ಕೆಟ್ಟು ನಿಂತಿತು. ಒಳಗೆ ನಾವು ಮೂವರೇ. ಹೊಸ ಪೋಸ್ಟರಿನ ನಡುವೆ ಯಾರು ನಿಲ್ಲಬೇಕೆಂದು ಜಗಳ ಹತ್ತಿ, ತಂಗಿ ಬಾಯಿಬಿಟ್ಟಳು: "ತಂಡದ ಪ್ರಾಣ ನಾನೇ ಅಂತ ಗೊತ್ತಿದ್ರೂ, ನೀವು ನೊಂದ್ಕೋತೀರ ಅಂತ ಇಷ್ಟು ದಿನ ಸುಮ್ನಿದ್ದೆ."

ನಾದಿನಿಯ ಮುಖ ಬಿಳಿಚಿತು. "ಪಾಪ ಅಂತಾನೂ ಅಂದ್ರಾ?" ಎಂದು ಮೆಲ್ಲಗೆ ಕೇಳಿದಳು.

ಮೂವರೂ ನೆಲಕ್ಕೆ ಕುಸಿದು ನಕ್ಕೆವು. ನಗುತ್ತ ನಗುತ್ತಲೇ ತಂಗಿ ನನ್ನ ಹೆಗಲಿಗೊರಗಿ ಅತ್ತಳು. ಲಿಫ್ಟ್ ಕೆಳಗಿಳಿಯುವ ಹೊತ್ತಿಗೆ ತಾವು ಕೆಲಸ ಕಳೆದುಕೊಂಡಿದ್ದಿರಿ.

ಈಗ ಒಂದೇ ಕಾರಿನಲ್ಲಿ, ಎದುರೆದುರೇ ಕಿತ್ತಾಡುತ್ತ ಹೋಗುತ್ತೇವೆ. ಹಾಡು ಮೊದಲಿಗಿಂತ ಚೆನ್ನಾಗಿದೆ ಎನ್ನುತ್ತಾರೆ. ತಮ್ಮಲ್ಲಿ ಎರಡೇ ವಿನಂತಿ. ಒಂದೇ ದೇಹಕ್ಕೆ ಮೂರು ಪ್ರಾಣ ತುಂಬುವ ವಿದ್ಯೆಯನ್ನು ದಯವಿಟ್ಟು ವೈದ್ಯರಿಗೂ ಕಲಿಸಿಕೊಡಿ, ಪಾಪ, ಅವರು ಒಂದನ್ನು ಉಳಿಸಲೇ ಹೆಣಗುತ್ತಿದ್ದಾರೆ. ಹಾಗೆಯೇ, ತಂಗಿ ನನ್ನ ಮನೆಗೆ ಬಾರದೆ ಹೋದ ಆ ಒಂದು ವರ್ಷವನ್ನು ಇಸ್ತ್ರಿ ಹಾಕಿ, ಮಡಿಕೆ ಕೆಡದಂತೆ ಹಿಂತಿರುಗಿಸಿ.

ತಮ್ಮನ್ನು ನಂಬಿ ಕೆಟ್ಟ,
ತಮ್ಮ ವಿಶ್ವಾಸಿ,
ತಗ್ಗಿನ ಸ್ವರದವಳು

ಮರೆತ ಮಾತು: ಈ ಪತ್ರಕ್ಕೆ ಮೂವರ ಸಹಿಯೂ ಇರಬೇಕಿತ್ತು. ಯಾರದು ಮೊದಲು ಎಂಬುದು ಇನ್ನೂ ಇತ್ಯರ್ಥವಾಗದ ಕಾರಣ ನಾನೊಬ್ಬಳೇ ಹಾಕಿದ್ದೇನೆ. ಉಳಿದಿಬ್ಬರ ಪತ್ರಗಳು ತಮಗೆ ಪ್ರತ್ಯೇಕವಾಗಿ ತಲುಪಲಿವೆ.