ಅತ್ತೆ ತಿದ್ದಿದ ರೈಲು

ಮದರಾಸಿನ ಲೋಕಲ್ ರೈಲುಗಳನ್ನು ಓಡಿಸುವವರು ಎಷ್ಟು ಮಂದಿಯೋ ನನಗೆ ತಿಳಿಯದು. ಆದರೆ ಅವನ್ನು ಸರಿಯಾಗಿ ಓಡಿಸುವುದು ಹೇಗೆಂದು ಬಲ್ಲವರು ಭೂಮಂಡಲದಲ್ಲಿ ಒಬ್ಬರೇ. ಅವರು ಮೊಳಕಾಲ್ಮೂರಿನಲ್ಲಿದ್ದಾರೆ, ನನ್ನ ಸೋದರತ್ತೆ. ಮೊಳಕಾಲ್ಮೂರಿಗೆ ರೈಲಿಲ್ಲ. ನಮ್ಮ ಚಳ್ಳಕೆರೆಗೂ ಇಲ್ಲ. ರೈಲಿನ ಮುಖ ನೋಡಬೇಕೆಂದರೆ ಎತ್ತಿನ ಗಾಡಿ ಕಟ್ಟಿಕೊಂಡು ರಾಯದುರ್ಗಕ್ಕೆ ಹೋಗಬೇಕು. ಇದರಿಂದ ಅತ್ತೆಯ ಅಧಿಕಾರಕ್ಕೇನೂ ಕುಂದು ಬಂದಿರಲಿಲ್ಲ. ಹತ್ತಿರದಲ್ಲಿ ರೈಲಿದ್ದಿದ್ದರೆ ಅದು ಎದುರುತ್ತರ ಕೊಡುತ್ತಿತ್ತೇನೋ!

ಮಾವನವರು ಮೊಳಕಾಲ್ಮೂರಿನ ರೇಷ್ಮೆ ಸೀರೆ ಮಾರಲು ಎರಡು ವರ್ಷ ಮದರಾಸಿನಲ್ಲಿ ಅಂಗಡಿ ಇಟ್ಟಿದ್ದರು. ಅತ್ತೆಯೂ ಜೊತೆಗಿದ್ದರು. ಪಟ್ಟಣದ ಹೊರಭಾಗದಲ್ಲಿ, ಲೋಕಲ್ ಗಾಡಿಯ ನಾಲ್ಕನೆಯ ಸ್ಟೇಷನ್ನಿನ ಎದುರಿಗೇ ಮನೆ. ವ್ಯಾಪಾರ ಸಾಗದೆ ಊರಿಗೆ ಮರಳಿದಾಗ ಅತ್ತೆ ಎಲ್ಲರಂತೆ ಹಿತ್ತಾಳೆ ಪಾತ್ರೆ ತರಲಿಲ್ಲ. ರೈಲಿನ ಕುಂದುಕೊರತೆಗಳನ್ನು ತಂದರು.

"ಗಾಡಿ ನಿಲ್ಲೋದು ಒಂದೇ ನಿಮಿಷ. ಹೆಂಗಸರ ಡಬ್ಬಿ ಕಟ್ಟಕಡೆಗೆ. ಪ್ಲಾಟ್‌ಫಾರಂ ಗಿಡ್ಡ, ಗಾಡಿ ಉದ್ದ. ಹಂಗಾದ್ರೆ ಹೆಂಗಸರು ಇಳಿಯೋದು ಎಲ್ಲಿಗೆ? ಜಾಲಿಗಿಡಕ್ಕೆ!"

ಹೆಂಗಸರ ಡಬ್ಬಿಯನ್ನು ನಡುವಿಗೆ ತರಬೇಕು, ಇನ್ನೊಂದು ಮೆಟ್ಟಿಲು ಕೆಳಗೆ ಹಚ್ಚಬೇಕು, ಸ್ಟೇಷನ್ನಿನ ಹೆಸರನ್ನು ಓದುಬಾರದವರಿಗಾಗಿ ಒಬ್ಬ ಗಂಟಲಿರುವವನು ಕೂಗಬೇಕು. ಎಲ್ಲಕ್ಕಿಂತ ದೊಡ್ಡ ದೋಷವೆಂದರೆ ಬಾಗಿಲು. ಇಳಿಯುವವರಿಗೂ ಹತ್ತುವವರಿಗೂ ಒಂದೇ!

"ದೊಡ್ಡಉಳ್ಳಾರ್ತಿ ಬೋರಣ್ಣನ ಕುರಿಹಟ್ಟಿ ನೋಡಿದೀಯೇನೇ? ಮುಳ್ಳುಬೇಲಿಗೆ ಎರಡು ಬಾಯಿ ಬಿಟ್ಟಾನೆ. ಒಂದರಾಗೆ ಒಳಗೆ, ಇನ್ನೊಂದರಾಗೆ ಹೊರಗೆ. ಬೋರಣ್ಣ ಯಾವ ಕಾಲೇಜಿಗೆ ಹೋಗಿದ್ದ?"

ಕಾಲೇಜಿಗೆ ಹೋಗಿದ್ದವಳು ನಾನು. ಈ ಬಾಣ ಎಲ್ಲಿಗೆಂದು ತಿಳಿಯುತ್ತಿತ್ತು. ಮಾವನವರಂತೂ ರೈಲಿನ ಮಾತು ಶುರುವಾದೊಡನೆ ಒಮ್ಮೆ ಕೆಮ್ಮಿ, ಎತ್ತುಗಳನ್ನು ನೋಡಿಬರಲು ಎದ್ದುಹೋಗುತ್ತಿದ್ದರು. ಅಷ್ಟು ಆರೈಕೆ ಕಂಡ ಎತ್ತುಗಳು ಇಡೀ ತಾಲ್ಲೂಕಿನಲ್ಲಿ ಇರಲಾರವು.

ನಾನು ಬಿ.ಎ. ಮುಗಿಸಿ ಮೈಸೂರಿನಿಂದ ಬಂದ ಮಾರನೆಯ ದಿನವೇ ಅತ್ತೆ ಕಾಗದ, ಮಸಿಕುಡಿಕೆ ಹಿಡಿದು ಚಳ್ಳಕೆರೆಗೆ ಬಂದರು. ರೈಲಿನ ದೊಡ್ಡ ಅಧಿಕಾರಿಗೆ ಇಂಗ್ಲಿಷಿನಲ್ಲಿ ಅರ್ಜಿ ಬರೆಯಬೇಕು. ಅವರು ಹೇಳಿದರು, ನಾನು ಬರೆದೆ. "ಕತ್ತೆಗಾದ್ರೂ ಬುದ್ಧಿ ಐತೆ" ಎಂಬುದನ್ನು "ವಿನಯಪೂರ್ವಕವಾಗಿ ಸೂಚಿಸುತ್ತೇವೆ" ಎಂದು ಮಾಡುವುದಕ್ಕೆ ಬಿ.ಎ. ನಿಜಕ್ಕೂ ಉಪಯೋಗಕ್ಕೆ ಬಂತು. ಕೊನೆಗೆ, "ಇಂತಿ, ತಮ್ಮ ನಿತ್ಯ ಪ್ರಯಾಣಿಕೆ ಅಂತ ಹಾಕಲಾ?" ಎಂದೆ.

ಅತ್ತೆ ಸ್ವಲ್ಪ ಹೊತ್ತು ಯೋಚಿಸಿ, "ಬ್ಯಾಡ. ತಿಳಿದವಳು ಅಂತ ಹಾಕು" ಎಂದರು.

ಉತ್ತರ ಬರಲಿಲ್ಲ. ತಿಂಗಳುಗಳೇ ಕಳೆದವು. ಅತ್ತೆಗೆ ಬೇಸರವೇ? ಎಲ್ಲಿಯ ಮಾತು! "ತಿದ್ದಿಕೊಳ್ತಾ ಇರ್ತಾರೆ. ಬರೆಯಾಕೆ ಪುರಸೊತ್ತು ಎಲ್ಲೈತೆ?"

ಬಂದ ಕಾಗದ ನನ್ನ ಹೆಸರಿಗಿತ್ತು. ಮದರಾಸಿನ ಒಂದು ಶಾಲೆಯಲ್ಲಿ ಅಧ್ಯಾಪಕಿಯರ ತರಬೇತಿಗೆ ನಾನು ಅರ್ಜಿ ಹಾಕಿದ್ದೆ. ಸಂದರ್ಶನ ಬೆಳಿಗ್ಗೆ ಹತ್ತು ಗಂಟೆಗೆ ಸರಿಯಾಗಿ; ತಡವಾಗಿ ಬಂದವರನ್ನು ಒಳಗೆ ಬಿಡುವುದಿಲ್ಲ. ನಮ್ಮ ಮನೆಯಲ್ಲಿ ಯಾರೂ ನನ್ನನ್ನು ಗದರಿಸುವವರಲ್ಲ. ಆದರೆ ಹಿರಿಯೂರಿನಿಂದ ಬಂದ ಒಂದು ಜಾತಕ ದೇವರ ಗೂಡಿನಲ್ಲಿ ಕೂತಿತ್ತು. ಅವ್ವ ದಿನವೂ ಅದರ ಮೇಲಿನ ಧೂಳು ಒರೆಸುತ್ತಿದ್ದಳು. ಅಪ್ಪ ಹೇಳಿದ್ದು ಇಷ್ಟೇ: "ಸೀಟು ಸಿಕ್ಕರೆ ಓದು. ಸಿಗದಿದ್ದರೆ ಹಿರಿಯೂರಿನವರಿಗೆ ಬರೆದುಬಿಡ್ತೀನಿ." ನಾನು ಸರಿ ಎಂದೆ. ಆ ರಾತ್ರಿಯಿಂದ ದೀಪ ಹಚ್ಚುವಾಗಲೂ ಆ ಗೂಡಿನ ಕಡೆ ನೋಡುವುದನ್ನು ಬಿಟ್ಟೆ.

ಶಾಲೆ ಇದ್ದದ್ದು ಲೋಕಲ್ ರೈಲಿನ ಮೂರನೆಯ ಸ್ಟೇಷನ್ನಿನ ಬಳಿ. ಜೊತೆಗೆ ಹೋಗಬೇಕಾದವರು ಯಾರೆಂದು ಬೇರೆ ಹೇಳಬೇಕೆ?

ಅತ್ತೆ ಚಳ್ಳಕೆರೆಗೆ ಬಂದು ತಾಲೀಮು ಹೂಡಿದರು. ಹಿತ್ತಲಿನಲ್ಲಿ ಎತ್ತು ಬಿಚ್ಚಿದ ಗಾಡಿಯೇ ಹೆಂಗಸರ ಡಬ್ಬಿ. ಅರವತ್ತು ಎಣಿಸುವುದರೊಳಗೆ ನಾನು ಇಳಿದಿರಬೇಕು. ರಾಗಿ ಅಳೆಯುವ ಅಭ್ಯಾಸದಿಂದ ಅತ್ತೆ ಒಂದು ಎನ್ನುವ ಬದಲು "ಲಾಭ" ಎಂದೇ ಎಣಿಕೆ ಶುರುಮಾಡುತ್ತಿದ್ದರು. "ಲಾಭ, ಎರಡು, ಮೂರು..." ಮೊದಲ ಸಲ ಹನ್ನೊಂದಕ್ಕೇ ಇಳಿದುಬಿಟ್ಟೆ.

"ಎದುರಿಗೆ ಜನ ಇಲ್ಲ, ಇಳೀತೀಯ! ಜನ ಬೇಕು" ಎಂದ ಅತ್ತೆ ಬೋರಣ್ಣನಿಗೆ ಹೇಳಿಕಳಿಸಿದರು. ಸಂತೆಗೆಂದು ಹೊರಟಿದ್ದ ಬೋರಣ್ಣ ಮೂವತ್ತು ಕುರಿಗಳನ್ನು ನಮ್ಮ ಹಿತ್ತಲಿಗೆ ತಿರುಗಿಸಿದ.

"ಎಲ್ಲಿಗೆ ಹತ್ತಿಸ್ಲಿ ತಾಯಿ ಇವನ್ನ?"

"ಮದರಾಸಿಗೆ" ಎಂದರು ಅತ್ತೆ.

ಬೋರಣ್ಣ "ಹುರ್ರ್... ಹೋ" ಎಂದ. ಗಾಡಿಯ ಹಿಂಬದಿಗೆ ಒರಗಿಸಿದ್ದ ಹಲಗೆಯ ಮೇಲೆ ಕುರಿಗಳು ನುಗ್ಗಿದವು. ಅದೇ ಹಲಗೆಯ ಮೇಲೆ ನಾನು ಇಳಿಯಬೇಕು. ಇಪ್ಪತ್ತಕ್ಕೆ ಮೊಣಕಾಲಿಗೆ ಪೆಟ್ಟು, ನಲವತ್ತಕ್ಕೆ ಸೆರಗು ಒಂದು ಟಗರಿನ ಕೊಂಬಿನಲ್ಲಿ. ಅರವತ್ತಾದಾಗ ನಾನು ಗಾಡಿಯ ಮೂಲೆಯಲ್ಲಿದ್ದೆ, ಟಗರು ನನ್ನ ಜಾಗದಲ್ಲಿ ಆರಾಮಾಗಿ ಮಲಗಿತ್ತು.

"ಸೀಟು ಅದಕ್ಕೆ ಸಿಕ್ತು ಬಿಡ್ರಿ!" ಎಂದು ಬೋರಣ್ಣ ನಕ್ಕ. ನನಗೆ ನಗು ಬರಲಿಲ್ಲ.

ರಾಯದುರ್ಗದವರೆಗೆ ಗಾಡಿ ಹೊಡೆದವರು ಮಾವನವರು. ದಾರಿಯುದ್ದಕ್ಕೂ ಗಾಡಿ ಎಲ್ಲಿ ನಿಂತರೂ ಲಾಭದಿಂದ ಎಣಿಕೆ, ನಾನು ಇಳಿಯುವುದು, ಹತ್ತುವುದು. ಎತ್ತುಗಳಿಗೂ ಇದು ಎಷ್ಟು ರೂಢಿಯಾಯಿತೆಂದರೆ, ಮೊಳಕಾಲ್ಮೂರಿನಲ್ಲಿ ಮಾವನವರು ಕೆಳಗಿಳಿದು ನೀರು ಕುಡಿಯುತ್ತಿದ್ದಾಗ ಅರವತ್ತು ತುಂಬಿತು, ಎತ್ತುಗಳು ಹೊರಟೇಬಿಟ್ಟವು! ಮಾವನವರು ಚೊಂಬು ಹಿಡಿದು ಓಡಿಬಂದು ಹತ್ತಿಕೊಂಡರು. "ನೋಡಿದ್ರಾ? ಕಷ್ಟ ಗೊತ್ತಾಯ್ತಾ?" ಎಂದರು ಅತ್ತೆ.

ರಾಯದುರ್ಗದಲ್ಲಿ ರೈಲು ಹೊರಡುವ ಮುನ್ನ ಮಾವನವರು ನನ್ನನ್ನು ಪಕ್ಕಕ್ಕೆ ಕರೆದು ಮೆಲ್ಲಗೆ, "ಅವಳ ಕೈ ಬಿಡಬ್ಯಾಡ ತಾಯಿ" ಎಂದರು. ಮಾತು ತಿರುವುಮುರುವಾಯಿತು, ಇದನ್ನು ಅತ್ತೆಗಲ್ಲವೆ ಹೇಳಬೇಕು ಎಂದುಕೊಂಡೆ. ಕೇಳುವಷ್ಟರಲ್ಲಿ ಅವರು ಎತ್ತುಗಳ ಕಡೆಗೆ ನಡೆದಿದ್ದರು.

ಮದರಾಸು ಮುಟ್ಟಬೇಕಾದ ಹೊತ್ತಿಗಿಂತ ನಮ್ಮ ರೈಲು ಎರಡು ಗಂಟೆ ತಡವಾಗಿ ಮುಟ್ಟಿತು. ಮುಖ ತೊಳೆಯಲೂ ಸಮಯವಿಲ್ಲ. ಲೋಕಲ್ ಗಾಡಿ ಹತ್ತಿದಾಗ ಒಂಬತ್ತು ಗಂಟೆ ಇಪ್ಪತ್ತು ನಿಮಿಷ. ಮೂರನೆಯ ಸ್ಟೇಷನ್ನಿಗೆ ಇಪ್ಪತ್ತೈದು ನಿಮಿಷದ ದಾರಿ. ಅಲ್ಲಿ ಇಳಿಯಲಾಗದೆ ಮುಂದಿನ ಸ್ಟೇಷನ್ನಿಗೆ ಹೋದರೆ ಮರಳಿ ಬರುವ ಗಾಡಿ ಹನ್ನೊಂದಕ್ಕೆ. ಲೆಕ್ಕ ಇಷ್ಟು ಸರಳವಾಗಿತ್ತು, ಆದ್ದರಿಂದಲೇ ಅಷ್ಟು ಭಯಂಕರವಾಗಿತ್ತು.

ಹೆಂಗಸರ ಡಬ್ಬಿ ಕಟ್ಟಕಡೆಗೇ ಇತ್ತು. ಒಳಗೆ ಮೀನಿನ ಬುಟ್ಟಿ, ಸೊಪ್ಪಿನ ಬುಟ್ಟಿ, ಮಕ್ಕಳು, ಬೆವರು. ನನ್ನ ಪ್ರಮಾಣಪತ್ರಗಳ ಬಟ್ಟೆಗಂಟನ್ನು ಅತ್ತೆ ಎದೆಗೆ ಅವಚಿಕೊಂಡಿದ್ದರು. ಎಂದೂ ಮಾತು ನಿಲ್ಲಿಸದ ಅತ್ತೆ ಆವತ್ತು ತುಟಿ ಬಿಚ್ಚಲಿಲ್ಲ. ಎರಡನೆಯ ಸ್ಟೇಷನ್ ದಾಟಿತು. ಅತ್ತೆಯ ಕೈ ನನ್ನ ಮಣಿಕಟ್ಟನ್ನು ಹಿಡಿಯಿತು.

ಗಾಡಿ ನಿಂತಿತು. ಪ್ಲಾಟ್‌ಫಾರಂ ನಮ್ಮ ಮುಂದಿನ ಡಬ್ಬಿಗೇ ಮುಗಿದಿತ್ತು! ಬಾಗಿಲ ಕೆಳಗೆ ಜಲ್ಲಿಕಲ್ಲು, ಅದರಾಚೆ ಜಾಲಿಗಿಡ. ಅತ್ತೆ ಹೇಳಿದ್ದರಲ್ಲಿ ಒಂದಾದರೂ ಸುಳ್ಳಾಗಬಾರದಿತ್ತೆ?

"ಲಾಭ!" ಎಂದರು ಅತ್ತೆ, ಬಹಳ ಸಣ್ಣ ದನಿಯಲ್ಲಿ.

ಇಳಿಯುವವರು ನಾವಿಬ್ಬರೇ. ಕೆಳಗಿನಿಂದ ಹತ್ತುವವರು ಹತ್ತು ಹನ್ನೆರಡು ಮಂದಿ, ಎಲ್ಲರ ತಲೆಯ ಮೇಲೂ ಬುಟ್ಟಿ. ಮೊದಲ ಬುಟ್ಟಿ ನನ್ನ ಎದೆಗೆ ತಾಗಿ ನಾನು ಎರಡು ಹೆಜ್ಜೆ ಹಿಂದಕ್ಕೆ ಬಂದೆ. ಎರಡನೆಯದು ಭುಜಕ್ಕೆ. "ಸ್ವಲ್ಪ ದಾರಿ..." ಎಂದೆ, ಕನ್ನಡದಲ್ಲಿ, ನನಗೇ ಕೇಳಿಸದಷ್ಟು ಮೆಲ್ಲಗೆ. ಮನಸ್ಸಿನಲ್ಲಿ ಎಣಿಕೆ ಓಡುತ್ತಿತ್ತು: ಮೂವತ್ತೊಂದು, ಮೂವತ್ತೆರಡು. ದೇವರ ಗೂಡಿನ ಜಾತಕ ಕಣ್ಣಿಗೆ ಕಟ್ಟಿತು.

ಆಗ ನನ್ನ ಪಕ್ಕದಿಂದ ಒಂದು ಕೂಗು ಎದ್ದಿತು. "ಹುರ್ರ್ರ್... ಹೋ!"

ಇಡೀ ಡಬ್ಬಿ ಸ್ತಬ್ಧವಾಯಿತು. ಅತ್ತೆ ಬಾಗಿಲಿಗೆ ಅಡ್ಡ ನಿಂತು ಗಂಟಿನ ಸಮೇತ ಎರಡೂ ಕೈ ಚಾಚಿದ್ದರು. "ಆಗಂಡಮ್ಮಾ! ಮುಂದು ದಿಗೇವಾಳ್ಳು ದಿಗಾಲಿ!" ಎಂದು ಮೊಳಕಾಲ್ಮೂರಿನ ತೆಲುಗಿನಲ್ಲಿ ಗುಡುಗಿದರು. ಇಳಿಯುವವರು ಮೊದಲು ಇಳಿಯಲಿ ಎಂಬುದು ತಮಿಳಿನ ಆ ಹೆಂಗಸರಿಗೆ ಎಷ್ಟು ಅರ್ಥವಾಯಿತೋ ಕಾಣೆ, ಕುರಿ ಕೂಗಿನ ಅರ್ಥವಂತೂ ಆಯಿತು. ಒಂದು ಕ್ಷಣ ಎಲ್ಲರೂ ನಿಂತರು. ಅತ್ತೆಯ ತೋಳಿನ ಕೆಳಗೆ ಬೆಳಕು ಕಂಡಿತು. ತಲೆ ಬಗ್ಗಿಸಿ ಹಾರಿದೆ.

ತಿರುಗಿ ನೋಡಿದರೆ ತಡೆದ ಜನ ಒಮ್ಮೆಗೇ ನುಗ್ಗಿ ಅತ್ತೆಯನ್ನು ಒಳಕ್ಕೆ ಒಯ್ದಿದ್ದರು. ಸೀಟಿ ಊದಿತು. ಗಾಡಿ ಅಲುಗಿತು.

"ಅತ್ತೆ! ಗಂಟು!"

ಕಿಟಕಿಯಿಂದ ಒಂದು ಕೈ ಬಂತು, ಗಂಟು ಗಾಳಿಯಲ್ಲಿ ಹಾರಿ ನೇರವಾಗಿ ಜಾಲಿಗಿಡದ ನಡುವೆ ಬಿತ್ತು. "ನನ್ನ ನೋಡ್ತಾ ನಿಲ್ಲಬ್ಯಾಡ! ನಡೀಯೇ! ಮುಂದಿನ ಸ್ಟೇಷನ್ನಾಗೆ ಇರ್ತೀನಿ!"

ಮುಳ್ಳಿನಿಂದ ಗಂಟು ಬಿಡಿಸಿಕೊಂಡೆ. ಅಲ್ಲಿಯವರೆಗೆ ನಾನು ಯಾವ ಊರಿನ ಯಾವ ಬೀದಿಯಲ್ಲೂ ಒಬ್ಬಳೇ ನಡೆದವಳಲ್ಲ. ಆವತ್ತು ನಡೆಯಲಿಲ್ಲ, ಓಡಿದೆ.

ಹತ್ತಕ್ಕೆ ನಾಲ್ಕು ನಿಮಿಷವಿದ್ದಾಗ ಶಾಲೆಯ ಗೇಟು ದಾಟಿದೆ. ಸಂದರ್ಶನದ ಹಿರಿಯ ಮಹಿಳೆ ನನ್ನ ಕಾಗದಗಳಿಗಿಂತ ಮೊದಲು ನನ್ನ ಗೀಚಿದ ಕೈಗಳನ್ನು ನೋಡಿ, ಇದೇನೆಂದು ಕೇಳಿದರು.

"ಪ್ಲಾಟ್‌ಫಾರಂ ಗಿಡ್ಡ, ಅಮ್ಮಾ" ಎಂದೆ. ಬೇರೆ ಇಂಗ್ಲಿಷ್ ಹೊಳೆಯಲಿಲ್ಲ.

ಅವರು ನಗದೆ ತಮ್ಮ ಸೀರೆಯ ಅಂಚಿನ ಹರಕನ್ನು ತೋರಿಸಿದರು. "ನಾನೂ ದಿನಾ ಅಲ್ಲೇ ಇಳಿಯೋದು. ಕೂತುಕೋ."

ಮುಂದಿನ ಸ್ಟೇಷನ್ನಿಗೆ ನಾನು ಬಂದಾಗ ಮಧ್ಯಾಹ್ನ. ಅತ್ತೆ ಕಲ್ಲುಬೆಂಚಿನ ಮೇಲೆ ಕಾಲು ಜೋಡಿಸಿಕೊಂಡು, ಯಾರಾದರೂ ಎಬ್ಬಿಸಿಬಿಡುತ್ತಾರೋ ಎಂಬಂತೆ ಅಂಚಿನಲ್ಲಿ ಕೂತಿದ್ದರು. ನನ್ನನ್ನು ಕಂಡೊಡನೆ ಎದ್ದು ನಿಂತರು.

"ಜೂನ್ ತಿಂಗಳಿಗೆ ಬಾ ಅಂದರು" ಎಂದೆ.

ಅತ್ತೆ ಮತ್ತೆ ಕೂತರು. ಸೆರಗಿನಿಂದ ಮುಖ ಒರೆಸಿಕೊಂಡರು, ಬಹಳ ಹೊತ್ತು ಒರೆಸಿಕೊಂಡರು.

ನನಗೆ ಆ ಸಂತೋಷದಲ್ಲಿ ಅವರನ್ನು ಸ್ವಲ್ಪ ಕೆಣಕಬೇಕೆನಿಸಿತು. "ಎರಡು ವರ್ಷ ದಿನಾ ಓಡಾಡಿದವರು ನೀವು. ನಾನು ಇಳಿದೆ, ನೀವೇ ಸಿಕ್ಕಿಹಾಕಿಕೊಂಡಿರಲ್ಲ ಅತ್ತೆ?"

"ನಾನು ಯಾವಾಗ ಓಡಾಡಿದ್ದೆ?"

ನಾನು ಅವರ ಪಕ್ಕದಲ್ಲಿ ಕೂತೆ.

"ನಿಮ್ಮಾವ ಹೊತ್ತು ಹುಟ್ಟೋ ಮುಂಚೆ ಅಂಗಡಿಗೆ ಹೋದ್ರೆ ದೀಪ ಹಚ್ಚೋ ಹೊತ್ತಿಗೆ ಬರೋರು. ಗೊತ್ತಿಲ್ಲದ ಊರು, ಹೊಸ್ತಿಲು ದಾಟಬ್ಯಾಡ ಅಂದಿದ್ರು. ಮಾಳಿಗೆ ಮ್ಯಾಲೆ ಒಂದು ಕಿಟಕಿ ಇತ್ತು. ಅಲ್ಲಿ ಕೂತು ನೋಡ್ತಿದ್ದೆ. ಎಲ್ಲಾ ಗಾಡೀನೂ ನೋಡ್ತಿದ್ದೆ. ಒಬ್ಬಾಕಿ ಬಸುರಿ ಬಿದ್ಲು ಒಂದು ದಿನ. ಈ ಕಡೆ ಇಳಿಯವ್ವಾ, ಈ ಕಡೆ ಅಂತ ಅಲ್ಲಿಂದ್ಲೇ ಕೂಗಿದೆ. ಯಾರಿಗೆ ಕೇಳ್ತೈತೆ?" ಹಳಿಗಳ ಕಡೆ ನೋಡಿದರು. "ಈ ಗಾಡಿ ಹತ್ತಿದ್ದು ಇವತ್ತೇ ಕಣೇ."

ಊರಿನ ರೈಲು ಸಂಜೆಗಿತ್ತು. ನಾನು ಎದ್ದು ಟಿಕೆಟ್ಟಿನ ಕಿಂಡಿಗೆ ಹೋಗಿ ಲೋಕಲ್ ಗಾಡಿಯ ಕೊನೆಯ ಸ್ಟೇಷನ್ನಿಗೆ ಎರಡು ಟಿಕೆಟ್ ತಂದೆ.

"ಅಲ್ಲೇನೈತೆ?"

"ಗೊತ್ತಿಲ್ಲ. ಹೋಗಿ ಬರೋಣ."

ಗಾಡಿ ಖಾಲಿಯಿತ್ತು. ಅತ್ತೆ ಎರಡೂ ಕೈಯಿಂದ ಕಂಬಿ ಹಿಡಿದು, ನಿಧಾನವಾಗಿ, ಯಾರ ಸಹಾಯವೂ ಇಲ್ಲದೆ ಹತ್ತಿದರು. ಸ್ಟೇಷನ್ನಿನೆದುರಿನ ಮನೆಗಳ ಸಾಲು ಹಿಂದಕ್ಕೆ ಸರಿಯತೊಡಗಿತು. ಒಂದು ಹಳದಿ ಮಾಳಿಗೆ ಬಂತು. ಅದರ ಸಣ್ಣ ಕಿಟಕಿಯ ಸರಳಿಗೆ ಯಾರದೋ ಒದ್ದೆ ಸೀರೆ ಒಣಹಾಕಿತ್ತು. ಅತ್ತೆ ಕತ್ತು ತಿರುಗಿಸಿ ಅದು ಮರೆಯಾಗುವವರೆಗೂ ನೋಡಿದರು.

"ಅಲ್ಲಿಂದ ಈ ಗಾಡಿ ಬಲು ದೊಡ್ಡದಾಗಿ ಕಾಣ್ತಿತ್ತು" ಎಂದರು.